ಕುಳ್ಳಿಗೆ ಹೊಂದಿಸಿದ ಕುರ್ಚಿ

"ಈ ಪ್ಲಾನ್ ಹಾಕಿದ್ದು ಯಾರು?"

ಬಾಗಿಲಲ್ಲಿ ನಿಂತ ಬೋಟಿನ ಹೊಸ ಕ್ಯಾಪ್ಟನ್ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಅದೇ ಅವಳ ಮೈ ಉರಿಸಿತು.

ಬಂದರಿನ ಎದುರಿನ ಆ ಆಫೀಸು ಅವಳ ಅಣ್ಣನದು. ನಡುಗಡಲಿಗೆ ಹೋಗಿ ಮಾರ್ಲಿನ್ ಎಂಬ, ಈಟಿಯಂಥ ಮೂತಿಯ ದೈತ್ಯ ಮೀನಿಗೆ ಗಾಳ ಹಾಕುವ ಆಸೆಯವರಿಗೆ ಬೋಟು, ಊಟ, ಹವಾಮಾನ ಎಲ್ಲ ನೋಡಿ ಪ್ರವಾಸ ಹೊಂದಿಸಿಕೊಡುವುದು ಅವಳ ಕೆಲಸ. ಆ ದಿನದ ಗೆಳೆಯರ ಗುಂಪಿನಲ್ಲಿ ಯಾರಿಗೂ ಬೇಜಾರಾಗದಿರಲಿ ಎಂದು ಬೋಟಿನ ಕುರ್ಚಿಯಲ್ಲಿ ಕೂತು ಗಾಳ ಹಿಡಿಯಲು ಪ್ರತಿಯೊಬ್ಬರಿಗೂ ಅರ್ಧರ್ಧ ಗಂಟೆಯ ಸರದಿ ಹಾಕಿದ್ದಳು.

"ಮೀನು ಕಚ್ಚಿದಾಗ ಯಾರು ಕುರ್ಚೀಲಿರ್ತಾರೋ ಅವರೇ ಕೊನೇತನಕ ಎಳೀಬೇಕು ಮೇಡಂ. ನಡುವೆ ಕೈ ಬದಲಾಯಿಸೋ ಹಾಗಿಲ್ಲ."

ಅಬ್ಬಾ, ಎಂಥ ಜಂಭ! ಎಂದುಕೊಂಡಳು.

ಸೀಸನ್ ಮುಗಿಯುವಷ್ಟರಲ್ಲಿ ನೋಡಿ, ಅದೇ ಜಂಭದವನ ಬೋಟು ಚೂರು ತಡವಾದರೂ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಊರವರಿಗೆಲ್ಲ ಪ್ರವಾಸ ಹೊಂದಿಸುವ ಮಹಾರಾಯ್ತಿ ತಾನು ಒಮ್ಮೆಯೂ ಕಡಲಿಗಿಳಿದವಳಲ್ಲ.

ಕೊನೆಯ ವಾರ ಅವನೇ ಗಿರಾಕಿಯಾಗಿ ಬಂದ. ತನ್ನ ರಜೆಯ ದಿನ ಬೋಟು ಬೇಕು, ಇಬ್ಬರಿಗೆ ಎಂದ. ಜೊತೆಗೆ ಯಾರು ಎಂದು ಕೇಳಿದರೆ ಕಿಟಕಿಯಾಚೆ ನೋಡಿದ.

"ಅವರಿಗೆ ಇದೇ ಮೊದಲ ಸಲ. ಸ್ವಲ್ಪ ಕುಳ್ಳಗಿದ್ದಾರೆ. ಕುರ್ಚಿ ನಾನೇ ಹೊಂದಿಸ್ತೀನಿ."

ಮೀನು ಎಳೆಯುವಾಗ ಕಾಲು ಒತ್ತಿ ಹಿಡಿಯಲು ಕುರ್ಚಿಯ ಮುಂದೆ ಒಂದು ಹಲಗೆ ಇರುತ್ತದೆ. ಕೂರುವವರ ಕಾಲಿನ ಉದ್ದ ನೋಡಿ ಅದನ್ನು ಸರಿಸಿ ಬಿಗಿಯಬೇಕು.

ಕಾಲಿನ ಉದ್ದ ಗೊತ್ತಿರುವಷ್ಟು ಹತ್ತಿರದವಳಾ...? ಯಾರಪ್ಪಾ ಈ ಕುಳ್ಳಿ...?

ಆದರೂ ಆ ಪ್ರವಾಸವನ್ನು ಜೀವ ತೇದು ಹೊಂದಿಸಿದಳು. ಗಾಳಿ ಕಡಿಮೆಯಿರುವ ದಿನ ಆರಿಸಿದಳು. ಕುಳ್ಳಿಗೆ ವಾಂತಿಯಾಗದಿರಲಿ ಎಂದು ಮಾತ್ರೆಯನ್ನೂ ಎತ್ತಿಟ್ಟಳು. ನಡುನಡುವೆ ಕಣ್ಣೊರೆಸಿಕೊಂಡಳು, ಪಾಪ.

ಮಾರನೆಯ ದಿನ ಅವನು, ಬೇರೆ ಬಂದರಿನಿಂದ ಕೆಲಸಕ್ಕೆ ಕರೆ ಬಂದಿದೆ, ಹೋಗಲೋ ಬೇಡವೋ ತಿಳಿಯುತ್ತಿಲ್ಲ ಎಂದ. ಅವಳಿಗೆ ರೇಗಿಹೋಯಿತು. ಧಾರಾಳವಾಗಿ ಹೋಗಿ, ಇಲ್ಲಿ ನಿಮ್ಮನ್ನು ಯಾರೂ ಕಟ್ಟಿಹಾಕಿಲ್ಲ ಎಂದುಬಿಟ್ಟಳು.

ಅವನ ಮುಖ ಸಪ್ಪಗಾಯಿತು. ಪ್ರವಾಸವೂ ಬೇಡ ಎಂದು ಹೇಳಿ, ಮಧ್ಯಾಹ್ನದ ಬಸ್ಸಿಗೆ ಹೊರಡುವುದಾಗಿ ಅಣ್ಣನಿಗೆ ತಿಳಿಸಿದ. ಒಮ್ಮೆ ಹೋದರೆ ಮರಳಿ ಬರುವವನಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದವಳನ್ನು ಅತ್ತಿಗೆ ಕೈ ಹಿಡಿದು ಬೋಟಿಗೆ ಎಳೆದುಕೊಂಡು ಹೋದಳು. ಆ ಕುಳ್ಳಿಯ ಕುರ್ಚಿಯಲ್ಲಿ ಒಂದು ಸಲ ಕೂತು ನೋಡು ಎಂದಳು.

ಮುಖ ಸಿಂಡರಿಸಿಕೊಂಡೇ ಕೂತು, ಚಪ್ಪಲಿ ಬಿಟ್ಟು ಕಾಲು ಚಾಚಿದಳು. ಎರಡೂ ಅಂಗಾಲು ಹಲಗೆಗೆ ಸರಿಯಾಗಿ ತಾಗಿದವು.

"ಈಗಾದ್ರೂ ತಲೆಗೆ ಹೋಯ್ತಾ ಪುಟ್ಟಿ? ನೀನು ಕೂರೋ ಆಫೀಸ್ ಕುರ್ಚಿ ಅಳೆದು ಈ ಹಲಗೆ ಬಿಗಿದಿದ್ದಾನೆ. ನನ್ನ ಮದುವೆ ಆಗ್ತೀರಾ ಅಂತ ಕಡಲಲ್ಲಿ ನಾನೇ ಕೇಳ್ತೀನಿ, ನೀವು ಬಾಯಿಬಿಡಬೇಡಿ ಅಂತ ನನ್ನ ಹತ್ರ ಭಾಷೆ ಬೇರೆ ತಗೊಂಡಿದ್ದ. ನೀವಿಬ್ಬರೂ ಸೇರಿ ನನ್ನ ಜೀವ ಹಿಂಡಿದ್ರಿ ಕಣೇ."

ಅವಳು ಬರಿಗಾಲಲ್ಲೇ ಓಡಿದಳು. ಬಸ್ಸಿನ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟಿದ್ದವನ ಬ್ಯಾಗು ಹಿಡಿದು ಜಗ್ಗಿದಳು.

"ಹೋಗ್ಬೇಡಿ. ನೀವು ಬೇರೆ ಯಾರನ್ನೋ ಕರ್ಕೊಂಡು ಹೋಗ್ತಿದ್ದೀರಿ ಅಂದ್ಕೊಂಡು ಸಿಟ್ಟಲ್ಲಿ ಅಂದುಬಿಟ್ಟೆ... ನನಗೆ ನೀವು ಬೇಕು."

ಅವನು ಕೆಳಗಿಳಿದ. ಬಸ್ಸು ಹೊರಟುಹೋಯಿತು.

"ಇಲ್ಲೇ ಕೇಳೋಕೆ ಏನಾಗಿತ್ತು ನಿಮಗೆ? ನಡುಗಡಲಲ್ಲಾದ್ರೆ ನಾನು ಎದ್ದು ಓಡೋಕಾಗಲ್ಲ ಅಂತಾನಾ?" ಅಳುತ್ತಲೇ ಕೇಳಿದಳು.

"ಅಲ್ಲ... ನೀವು ಬೇಡ ಅಂದ್ರೂ, ವಾಪಸ್ ದಡಕ್ಕೆ ಬರೋವರೆಗಾದ್ರೂ ನನ್ನ ಜೊತೆ ಇರ್ತೀರಲ್ಲ ಅಂತ."

ಅವಳು ಅವನ ಹೆಗಲಿನಿಂದ ಬ್ಯಾಗು ಇಳಿಸಿ ತಾನೇ ಹಿಡಿದುಕೊಂಡಳು.

"ದಡಕ್ಕೆ ಬಂದಮೇಲೂ ಇರ್ತೀನಿ," ಎಂದಳು. "ನಡೀರಿ, ಮನೆಗೆ ಹೋಗೋಣ."