ಎಡಗಾಲಿಯ ಸ್ಪ್ರಿಂಗು

"ಆ ಸ್ಪ್ರಿಂಗ್ ಮುಟ್ಟಬ್ಯಾಡಪಾ. ಅದಕ್ಕ ನಾ ಮಾಟಾ ಮಾಡೇನಿ."

ಕುಳಗೇರಿ ಕ್ರಾಸಿನ ಗ್ಯಾರೇಜಿನ ಬಾಗಿಲಲ್ಲಿ ನಿಂತು ಲಗಮವ್ವ ಹೀಗೆಂದಾಗ, ಹುಬ್ಬಳ್ಳಿಯಿಂದ ಬಂದ ಹೊಸ ಮಿಸ್ತ್ರಿ ಅನಿಲಕುಮಾರ ಗೊಳ್ಳೆಂದು ನಕ್ಕ. "ಯವ್ವಾ, ಗಾಡಿ ಎಡಕ್ಕ ಎಳಿಯೂದು ಮಾಟದಿಂದಲ್ಲ. ಸ್ಪ್ರಿಂಗ್ ಕುಂತೈತಿ."

ಗಾಡಿ ಅಂದಪ್ಪ ಸಾವಕಾರನದು, ಅರವತ್ತು ವರ್ಷದ ಫಿಯೆಟ್. ಅದರ ಸ್ಟೇರಿಂಗನ್ನು ಹೆಂಡತಿಗೂ ಮುಟ್ಟಗೊಡದ ಮನುಷ್ಯ ಆತ. ಹೋದ ವರ್ಷ ಇದೇ ಎಡಗಾಲಿಗೆ ಸ್ಪ್ರಿಂಗು ಕೂಡಿಸುವಾಗ ಲಗಮವ್ವನ ಗಂಡ ಹುಲ್ಲಪ್ಪ ಸ್ಪ್ರಿಂಗನ್ನು ಅದುಮಿ ಹಿಡಿಯುವ ಕ್ಲಾಂಪು ತರುತ್ತೇನೆಂದರೆ, "ಹಗ್ಗಾ ಕಟ್ಟಿ ಕೂಡಸಲೇ, ಹೊತ್ತಾತು" ಎಂದು ಸಾವಕಾರ ಅವಸರ ಮಾಡಿದ. ಹಗ್ಗ ಹರಿಯಿತು. ಅದುಮಿಟ್ಟ ಸ್ಪ್ರಿಂಗು ಹುಲ್ಲಪ್ಪನ ಎದೆಗೆ ಹಾರಿತು. ಹೆಣ ನೋಡಲೂ ಬಾರದ ಸಾವಕಾರ, "ಅವಗ ಕೆಲಸಾ ಬರ್ತಿದ್ದಿಲ್ಲ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಆ ಮಾತಿಗೆ ಲಗಮವ್ವನ ಹೊಟ್ಟೆಗೆ ಬೆಂಕಿ ಬಿತ್ತು. ಬೇರೆ ಯಾರೋ ಸ್ಪ್ರಿಂಗು ಕೂಡಿಸಿದ ಮೇಲೆ, ತನ್ನ ಒಡೆದ ಬಳೆಚೂರುಗಳನ್ನು ಕರಿದಾರದಲ್ಲಿ ಸುತ್ತಿ ಅದರ ಸುರುಳಿಗೇ ಕಟ್ಟಿ ಬಂದಳು. "ಇದಕ್ಕ ಕೈ ಹಚ್ಚಿದವನ ಕೈ ಹೋಗ್ಲಿ" ಎಂದು ಮಣ್ಣು ತೂರಿದಳು.

ಅನಿಲಕುಮಾರ ಆ ಗಂಟನ್ನು ಕೊಯ್ದು ಅವಳ ಕಾಲ ಬಳಿ ಎಸೆದ. ಕಬ್ಬಿಣದ ಕ್ಲಾಂಪು ಹಾಕಿ ಪಾನಾದಿಂದ ನಟ್ಟು ಬಿಗಿದ.

ಮಟಮಟ ಮಧ್ಯಾಹ್ನ. ಆದರೂ ಗಾಡಿಯ ಕೆಳಗೆ ಕತ್ತಲು ಹೆಪ್ಪುಗಟ್ಟಿತು. ಗ್ರೀಸಿನ ನಾತದೊಳಗೆ ಸುಟ್ಟ ಕೂದಲಿನ ನಾತ. ಸ್ಪ್ರಿಂಗಿನೊಳಗೆ ಬಳೆಯ ಸದ್ದು. ಇಣುಕಿದ. ಕ್ಲಾಂಪಿನ ನಟ್ಟು ತಾನೇ ಬಿಚ್ಚಿಕೊಳ್ಳುತ್ತಿತ್ತು. ಪಾನಾ ಹಾಕಿ ತಡೆದ. ನಿಲ್ಲಲಿಲ್ಲ. ಕೈ ಎಳೆದ. ಬರಲಿಲ್ಲ. ಯಾರೋ ಮುಂಗೈ ಹಿಡಿದಿದ್ದರು. ತಣ್ಣನೆಯ ಕೈ. ಗ್ರೀಸು ಮೆತ್ತಿದ ಕೈ. ಠಣ್!

ದವಾಖಾನೆಯಿಂದ ಬರುವಾಗ ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿದಿತ್ತು. ಸಾವಕಾರ ಆಗಲೇ ಡಂಗುರ ಹೊಡೆದಿದ್ದ, "ಇವಗೂ ಕೆಲಸಾ ಬರೂದಿಲ್ಲ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಗಾಡಿ ಇದ್ದವನಿಗೆ ಒಂದು ಗೀರೂ ಇಲ್ಲ.

ಲಗಮವ್ವ ಆ ಮೊಂಡುಗೈ ಹಿಡಿದು ಅತ್ತಳು. "ನಿನಗ ಮಾಡಿದ್ದಲ್ಲೋ ಯಪ್ಪಾ. ಆ ಭಾಡ್ಯಾ ಸಾವಕಾರಗ ಮಾಡಿದ್ದು."

"ಅಂವಾ ಯಾವತ್ತರ ಸ್ಪ್ರಿಂಗ್ ಮುಟ್ಟ್ಯಾನೇನ ಯವ್ವಾ?" ಅನಿಲಕುಮಾರ ಸಿಟ್ಟಿನಿಂದ ಕೈ ಬಿಡಿಸಿಕೊಂಡ. "ದುಡಿಯೂ ಮಂದಿ ಕೈ ಬೀಳೂ ಜಾಗಾಕ್ಕ ಕಟ್ಟಿದಿ. ಆ ಗಂಟು ಇನ್ನೂ ಐತೇನು?"

ಸೆರಗಿನಲ್ಲೇ ಇತ್ತು. ಲಗಮವ್ವ ಹಳೆಯ ದಾರ ಬಿಚ್ಚಿ ಹೊಸ ಕರಿದಾರ ಸುತ್ತಿ ಹೇಳಿದಳು, "ಇದನ್ನ ಹಿಡದು ಹೊಂಟಂವಾ ಮನಿ ಮುಟ್ಟಬಾರದು." ನಕ್ಕಿದ್ದ ಆ ಮಿಸ್ತ್ರಿಯೇ ಅದನ್ನು ಎಡಗೈಯಿಂದ, ಗ್ಯಾರೇಜಿನಲ್ಲೇ ನಿಂತಿದ್ದ ಗಾಡಿಯ ಸ್ಟೇರಿಂಗಿನ ಹಾರ್ನ್ ಬಟನ್ನಿನ ಕೆಳಗೆ ಕೂಡಿಸಿದ. ಲಗಮವ್ವ ಕ್ಲಾಂಪು ಹಿಡಿದಳು, ಆತ ಸ್ಪ್ರಿಂಗು ಹಾಕಿದ. ಗಾಲಿಗಳಿಗೆ ನೂಲು ಹಿಡಿದು ನೆಟ್ಟಗೆ ಮಾಡಿ ಅಲೈನ್‌ಮೆಂಟ್ ಮುಗಿಸಿದ.

ಸಾವಕಾರ ಸ್ಟೇರಿಂಗ್ ಹಿಡಿದು ಕೇಳಿದ, "ಈಗರ ನೆಟ್ಟಗ ಹೋಗ್ತೈತೇನಲೇ?"

"ನೂಲು ಹಿಡದಂಗ ಹೋಗ್ತೈತ್ರಿ."

ಹೋಯಿತು. ಎಡಕ್ಕೆ ಒಂದಿಷ್ಟೂ ಎಳೆಯಲಿಲ್ಲ. ಕಲ್ಲುಕ್ವಾರಿಯ ಆಳವಾದ ತಗ್ಗಿನ ಹತ್ತಿರ ಕೆರೂರಿನ ರಸ್ತೆ ಬಲಕ್ಕೆ ತಿರುಗಿತು. ಗಾಡಿ ತಿರುಗಲಿಲ್ಲ.