ಮನಿ ನಿಮ್ಮದ ಅಂತ ತಿಳೀರಿ

"ಆಕೀನ್ನ ಮನಿ ಬಿಡಿಸಿ ಎಬ್ಬಸೂದಿದ್ರ ಎಬ್ಬಸ್ರಿ. ಆದ್ರ ಹೋಗೂ ಮುಂದ ಆಕಿ 'ಬರ್ತೇನಿ' ಅಂದ್ರ, ತಿರುಗಿ 'ಬರ್ರಿ' ಅನಬ್ಯಾಡ್ರಿ," ಎಂದ ಬಸಗೊಂಡ.

ಅತುಲ ನಕ್ಕ. ಇಚಲಕರಂಜಿಯ ಮಗ್ಗಗಳ ಓಣಿಯಲ್ಲಿದ್ದ ಆ ಎರಡು ಖೋಲಿಯ ಮನೆಯನ್ನು ಬಸಗೊಂಡ ಅವನಿಗೆ ಅಂದೇ ಮಾರಿದ್ದ. ಒಳಗೆ ಹಳೆಯ ಬಾಡಿಗೆದಾರಳು ಇದ್ದುದರಿಂದಲೇ ಮನೆ ಅಗ್ಗಕ್ಕೆ ಸಿಕ್ಕಿತ್ತು.

"ಹೋಗಾವ್ರಿಗೆ ಬರ್ರಿ ಅನ್ನೂದು ರೀತಿ ಅಲ್ಲೇನ್ರಿ ಕಾಕಾ?"

"ಹೌದ್ರಿ, ರೀತಿ. ಆದ್ರ ಆಕಿ ಬಾಯಾಗ ಅದು ರೀತಿ ಅಲ್ಲ. ನಾ ಅಂಜೇ ಮಾರೇನಿ."

ಕೊಲ್ಹಾಪುರದ ಬೆಲ್ಲದ ಪೇಟೆಯಲ್ಲಿ ಅಜ್ಜನ ಕಾಲದ ಅಂಗಡಿ ನಡೆಸುತ್ತಿದ್ದ ಅತುಲನಿಗೆ ಬಾಡಿಗೆಯ ವ್ಯವಹಾರ ಹೊಸದು. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಪಂಡಿತನಾಗಿದ್ದ. ನಳದ ನೀರು ಎಷ್ಟು ಹೊತ್ತು ಬರುತ್ತದೆ, ಗೋಡೆ ಸೋರುತ್ತದೆಯೇ, ಬಾಡಿಗೆದಾರನ ಪೊಲೀಸ್ ತಪಾಸಣೆ ಹೇಗೆ, ಹನ್ನೊಂದು ತಿಂಗಳ ಕರಾರು ಯಾಕೆ, ಮನೆ ಖಾಲಿ ಬಿದ್ದರೆ ನಷ್ಟ ತುಂಬುವುದು ಹೇಗೆ ಎಂದು ಯಾರು ಕೇಳಿದರೂ ಪಟಪಟ ಹೇಳುತ್ತಿದ್ದ. ಈ ಉಸಾಬರಿಯೆಲ್ಲ ಹೆಂಡತಿ ಸಾಯಲಿಗಾಗಿ. ಇಡೀ ದಿನ ಸೀರೆ ಅಂಗಡಿಯಲ್ಲಿ ನಿಂತು ಅವಳ ಕಾಲು ಬಾತುಕೊಳ್ಳುತ್ತಿದ್ದವು. ಬಾಡಿಗೆ ಬರತೊಡಗಿದರೆ ಅವಳ ನೌಕರಿ ಬಿಡಿಸಬೇಕೆಂದಿದ್ದ. ಲೋಕದಲ್ಲಿ ಅವನು ಮನಸಾರೆ ಪ್ರೀತಿಸುತ್ತಿದ್ದುದು ಅವಳೊಬ್ಬಳನ್ನೇ. ಪಾಪಿಯ ಲೆಕ್ಕದಲ್ಲೂ ಅಷ್ಟು ಪುಣ್ಯ ಬರೆಯಬೇಕು.

ಒಳಗಿದ್ದವಳು ಮಹಾಗಾಂವದ ಯಮುನವ್ವ. ಕುರಿ ಕಾಯುವ ಮನೆತನದವಳು. ಗಂಡ ಮಗ್ಗದ ಕೆಲಸ ಹಿಡಿದಾಗ ಈ ಊರಿಗೆ ಬಂದಿದ್ದಳು. ಗಂಡ ಅದೇ ಖೋಲಿಯಲ್ಲಿ ಸತ್ತ. ಉಳಿದದ್ದು ಒಂದು ಕರಿ ಕಂಬಳಿ, ಮೂಲೆಯ ಮಣ್ಣಿನ ಒಲೆ.

ಅತುಲ ಮೊದಲು ನೀರು ನಿಲ್ಲಿಸಿದ. ಆಮೇಲೆ ವಿದ್ಯುತ್ತಿನ ತಂತಿ ಕತ್ತರಿಸಿದ. ಮುದುಕಿ ಜಗ್ಗಲಿಲ್ಲ. ಮಳೆಗಾಲ ಜೋರಾಗಿದ್ದಾಗ ರಿಪೇರಿ ಎಂದು ನೆಪ ಹೇಳಿ ಮಾಡಿನ ತಗಡು ತೆಗೆಸಿದ, ಬಾಗಿಲನ್ನೂ ಚೌಕಟ್ಟಿನಿಂದ ಕೀಳಿಸಿದ. ಮಳೆ ನೇರ ಒಲೆಗೇ ಬಿತ್ತು. ಇಂಥವನಿಗೆ ಮುಂದೆ ಆದದ್ದು ಕಡಿಮೆಯೆಂದೇ ಹೇಳಬೇಕು.

ಯಮುನವ್ವ ಹೊರಟಳು. ಮೈ ಜ್ವರದಲ್ಲಿ ನಡುಗುತ್ತಿತ್ತು. ಹೊದ್ದ ಕಂಬಳಿಯ ಅಂಚು ನಂದುತ್ತಿದ್ದ ಒಲೆಯ ಕೊನೆಯ ಕೆಂಡಕ್ಕೆ ತಾಗಿ ಸುಟ್ಟ ಉಣ್ಣೆಯ ನಾತ ಬರುತ್ತಿತ್ತು. ಒಲೆಯ ಬೂದಿ ಮುಷ್ಟಿಯಲ್ಲಿ ಹಿಡಿದು ಹೊಸ್ತಿಲ ಮೇಲೆ ನಿಂತಳು.

"ಬರ್ತೇನ್ರಿ ಸಾವಕಾರ್ರ."

ಅವಳ ಹಿಂದೆ ನಿಂತಿದ್ದ ಬಸಗೊಂಡ ಬೇಡವೆಂದು ಕೈಯಾಡಿಸಿದ. ಅದನ್ನು ಕಂಡೇ ಅತುಲನಿಗೆ ಕುಚೋದ್ಯ ಹೆಚ್ಚಾಯಿತು. ಎರಡೂ ಕೈ ಜೋಡಿಸಿದ.

"ಅಗದೀ ಬರ್ರಿ ಅವ್ವಾರ. ಮನಿ ನಿಮ್ಮದ ಅಂತ ತಿಳೀರಿ."

ಯಮುನವ್ವ ಮುಷ್ಟಿಯ ಬೂದಿಯನ್ನು ಬಾಯಿಗೆ ಹಾಕಿಕೊಂಡು ನುಂಗಿದಳು.

"ಮಾತ ಕೊಟ್ರಿ," ಎಂದು ಮಳೆಯಲ್ಲಿ ಇಳಿದುಹೋದಳು.

ಕೆಲವು ದಿನ ಕಳೆದು ಬಸಗೊಂಡನ ಫೋನು ಬಂತು. "ಆಕಿ ಊರ ಕಡೆ ಗಡಹಿಂಗ್ಲಜದ ದವಾಖಾನ್ಯಾಗ ಯಮುನವ್ವ ತೀರಿಕೊಂಡಳಂತ್ರಿ. ಮಳ್ಯಾಗ ನೆಂದ ಜ್ವರ. ನಿಮ್ಮ ಮನಿ ಕಡೆ ಜ್ವಾಕಿ."

"ಖಾಲಿ ಮನಿಗೆ ಎಂಥಾ ಜ್ವಾಕಿ ಕಾಕಾ?"

"ನಮ್ಮಲ್ಲಿ ಮನಿ ಅಂದ್ರ ಹೇಣ್ತಿನೂ ಹೌದಲ್ರಿ. ನಾ ಸಾಯಲಿವೈನಿ ಬಗ್ಗೆ ಹೇಳಾಕತ್ತೇನಿ."

ಅತುಲ ಸಿಟ್ಟಿನಿಂದ ಫೋನು ಇಟ್ಟ. ಆದರೂ ಯಾಕೋ ಅಂಗಡಿಯಲ್ಲಿ ಕೂಡಲಾಗಲಿಲ್ಲ.

ತನ್ನ ಮನೆ ಮುಟ್ಟಿದಾಗ ಹೊತ್ತು ಮುಳುಗಿತ್ತು. ಅವರದು ಜೈನರ ಮನೆ. ಸೂರ್ಯ ಇಳಿಯುವ ಮೊದಲೇ ಊಟ ಮುಗಿಯುತ್ತಿತ್ತು. ಒಳಗೆ ದೀಪವಿಲ್ಲ. ಕತ್ತಲಲ್ಲಿ ಸುಟ್ಟ ಉಣ್ಣೆಯ ನಾತ ಗಂಟಲಿಗೆ ಅಡರಿತು. ಅಡುಗೆಮನೆಯಿಂದ ಕರಕರ ಜಗಿಯುವ ಸದ್ದು. ಗೋಡೆ ತಡವುತ್ತ ಹೋದ. ಕಿಟಕಿಯಿಂದ ಬಿದ್ದ ಬೀದಿದೀಪದ ಬೆಳಕಿನಲ್ಲಿ ಸಾಯಲಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಉಳ್ಳಾಗಡ್ಡಿಯನ್ನು ಗುದ್ದಿ ಒಡೆದು ತಿನ್ನುತ್ತಿದ್ದಳು. ಆ ಮನೆಯೊಳಗೆ ಉಳ್ಳಾಗಡ್ಡಿ ಎಂದೂ ಬಂದಿರಲಿಲ್ಲ. ಅವಳ ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು.

"ಸಾಯಲಿ?"

"ಬಂದೇನ್ರಿ ಸಾವಕಾರ್ರ."

ಧ್ವನಿ ಸಾಯಲಿಯದಲ್ಲ. ಯಮುನವ್ವನದು.

"ನಾ... ಆ ಮನಿ ಅಂದಿದ್ದೆ. ಇಚಲಕರಂಜೀದು."

"ಅದರ ಬಾಗಲಾ ಕಿತ್ತೀರಲ್ಲ. ಬಾಗಲಾ ಇದ್ದ ಮನಿಗೆ ಬಂದೇನಿ."

ಸಾಯಲಿಯ ಬಾಯಿ ನಕ್ಕಿತು. ಕಣ್ಣು ಅಳುತ್ತಿದ್ದವು. ಆ ಕಣ್ಣು ಮಾತ್ರ ಇನ್ನೂ ಅವಳವೇ. ಒಳಗಿನಿಂದ ಗಂಡನನ್ನು ಬೇಡಿಕೊಳ್ಳುತ್ತಿದ್ದವು.

"ಮೊದಲ ನೀರ ಬಂದ್ ಮಾಡ್ತೇನಿ," ಎಂದಿತು ಧ್ವನಿ.

ಸಾಯಲಿಯ ತುಟಿ ಒಣಗಿ ಬಿರಿದವು. ನಾಲಗೆ ಕಪ್ಪಿಟ್ಟಿತು. ಅತುಲ ತಂಬಿಗೆ ತಂದು ಬಾಯಿಗೆ ಹಿಡಿದ. ಒಂದು ಗುಟುಕೂ ಇಳಿಯಲಿಲ್ಲ.

"ಆಮ್ಯಾಗ ದೀಪಾ."

ಕಣ್ಣಿನ ಬೆಳಕು ಮಸುಕಾಯಿತು. ಅವಳು ಗಾಳಿಯಲ್ಲಿ ಕೈಯಾಡಿಸಿ ಅವನನ್ನು ಹುಡುಕಿದಳು. ಕೈ ಹಿಡಿದ. ಕೆಂಡದಂಥ ಜ್ವರ. ಉಸಿರು ಕಿರಿದಾಯಿತು. ಇನ್ನೂ ಕಿರಿದಾಯಿತು.

"ಆಮ್ಯಾಗ ಹೊರಗ ಹಾಕ್ತೇನಿ."

"ಬ್ಯಾಡ್ರಿ. ಆಕೀದೇನು ತಪ್ಪಿಲ್ಲ. ತಪ್ಪು ನಂದು."

"ಗೊತ್ತೈತಿ. ಅದಕ್ಕ ನಿಮ್ಮ ಮುಂದ ಮಾಡಾಕತ್ತೇನಿ."

ಸಾಯಲಿಯ ಎದೆಬಡಿತ ನಿಲ್ಲುತ್ತ ಬಂತು. ಅತುಲ ಅವಳ ಕಾಲು ಹಿಡಿದ.

"ನನ್ನ ಮೈಯಾಗ ಬರ್ರಿ. ಆಕೀನ್ನ ಬಿಡ್ರಿ."

ಧ್ವನಿ ಮೆಲ್ಲಗೆ ಕೇಳಿತು.

"ಪೂರ್ತಿ ನನ್ನ ತಾಬೇಕ ಕೊಡ್ತೀರಿ?"

"ಕೊಡ್ತೇನಿ."

ಅವನ ಬಾಯಿ ತಾನಾಗಿಯೇ ತೆರೆಯಿತು. ಬೂದಿ ತುಂಬಿತು. ಕೂಗಬೇಕೆಂದುಕೊಂಡ. ಕೂಗಲು ಜಾಗವಿರಲಿಲ್ಲ.

ಬೆಳಗಾದಾಗ ಸಾಯಲಿಗೆ ಎಚ್ಚರವಾಯಿತು. ಬಾಯಾರಿಕೆಯಾಗಿತ್ತು, ಕಣ್ಣು ಕಾಣುತ್ತಿದ್ದವು. ನಡೆದದ್ದೆಲ್ಲ ಅವಳಿಗೆ ನೆನಪಿತ್ತು. ಅತುಲ ಎಲ್ಲಿಯೂ ಇರಲಿಲ್ಲ. ಸಿಕ್ಕ ಬಸ್ಸು ಹಿಡಿದು ನೇರ ಇಚಲಕರಂಜಿಗೆ ಓಡಿದಳು.

ಖೋಲಿಗೆ ತಗಡು, ಬಾಗಿಲು ಮರಳಿ ಕೂತಿದ್ದವು. ಒಳಗೆ ಒಲೆ ಉರಿಯುತ್ತಿತ್ತು. ಅತುಲ ಕುಕ್ಕರಗಾಲಲ್ಲಿ ಕುಳಿತು ರೊಟ್ಟಿ ಬಡಿಯುತ್ತಿದ್ದ. ಹುಟ್ಟಿದಂದಿನಿಂದ ರೊಟ್ಟಿ ಬಡಿದವನಲ್ಲ ಅವನು.

"ಅತುಲ, ನಡೀರಿ ಮನಿಗೆ," ಎಂದು ಸಾಯಲಿ ಅಳುತ್ತ ಭುಜ ಹಿಡಿದಳು.

ಅವನು ತಲೆಯೆತ್ತಿದ. ಗುರುತಿಲ್ಲದವರನ್ನು ನೋಡುವ ನೋಟ. ಕೈಯ ಹಿಟ್ಟು ಒರೆಸಿಕೊಂಡು ತನ್ನ ಎದೆಯನ್ನು ತೋರಿಸಿದ.

"ಇಲ್ಲಿದ್ದಾಂವನ್ನ ಕೇಳಾಕತ್ತೀರೇನ ತಂಗಿ? ಆತನ್ನ ಖಾಲಿ ಮಾಡಿಸೇನಿ."

ಮುದುಕಿಯ ಧ್ವನಿ. ಸಾಯಲಿ ಗೋಡೆಗೆ ಆತುಕೊಂಡಳು.

"ಎಲ್ಲಿಗೆ ಹೋದ್ರು ಅವರು?"

ಅತುಲನ ಕೈ ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಂಡಿತು.

"ಎಬ್ಬಸಿದ ಮ್ಯಾಲ ಒಳಗಿದ್ದಾವ್ರು ಎಲ್ಲಿಗೆ ಹೋಗ್ತಾರಂತ ಮಾಲಕರು ಕೇಳೂದಿಲ್ಲ ತಂಗಿ."