ಕೊನೆಯ ಹದಿನಾರು ಪುಟ

ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ದರೂ ರಟ್ಟು ಕತ್ತರಿಸುವ ನನ್ನ ಈ ಕೈಗೆ ನಾಳೆಯಿಂದ ಕತ್ತರಿ ಸಿಗದೇ ಹೋಗಲಿ. ಬೈಂಡಿಂಗ್ ಅಂಗಡಿಯ ಮೂಲೆಯಲ್ಲಿ ಕೂತು ಎಲ್ಲವನ್ನೂ ಕಣ್ಣಾರೆ ಕಂಡವನು ನಾನು.

ಎದುರಿನ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವಳು ಒಂದು ಮಧ್ಯಾಹ್ನ ಒಳಗೆ ನುಗ್ಗಿ, ನಮ್ಮಲ್ಲೇ ರಟ್ಟು ಹಾಕಿಸಿಕೊಂಡಿದ್ದ ಒಂದು ಪತ್ತೇದಾರಿ ಕಾದಂಬರಿಯನ್ನು ನಮ್ಮ ಬೈಂಡರ್ ಮುಂದೆ ಕುಕ್ಕಿದಳು. ಅಂಟಿನ ಡಬ್ಬಿ ಒಂದಾಳೆತ್ತರ ಎಗರಿತು.

"ಯಾರ್ರೀ ಈ ಅಡುಗೆಯವ್ನು?"

"ಯಾವ ಅಡುಗೆಯವ್ನು?"

"ಇನ್ನೂರೆಂಟನೇ ಪುಟದವರೆಗೂ ಬಂಗಲೆ. ಮನೆ ಯಜಮಾನ ಸತ್ತಿದಾನೆ. ಎಲ್ಲರನ್ನೂ ಹಾಲಲ್ಲಿ ಕೂರ್ಸಿ ಪತ್ತೇದಾರ ಗಂಟಲು ಸರಿ ಮಾಡ್ಕೋತಾನೆ. ಪುಟ ತಿರುಗ್ಸಿದ್ರೆ ಹಡಗು! ಯಾವನೋ ಅಡುಗೆಯವ್ನು ತಪ್ಪೊಪ್ಕೊಂಡು ಅಳ್ತಾ ಇದಾನೆ!"

ಬೈಂಡರ್ ನಾಲಿಗೆ ಕಚ್ಚಿಕೊಂಡ. ಹದಿನಾರು ಪುಟದ ಒಂದು ಮಡಿಕೆಗೆ ನಮ್ಮಲ್ಲಿ ಫಾರಂ ಅನ್ನುತ್ತೇವೆ. ಇದಕ್ಕೆ ರಟ್ಟು ಹಾಕಿದ ದಿನ ಮೇಜಿನ ಮೇಲೆ ಎರಡು ಕೊಲೆ ಪುಸ್ತಕ ಬಿಚ್ಚಿಕೊಂಡಿದ್ದವು. ಇದರ ಬಾಲ ಅದಕ್ಕೆ, ಅದರ ಬಾಲ ಇದಕ್ಕೆ ಹೊಲಿದುಬಿಟ್ಟಿದ್ದ.

"ದಿನಕ್ಕೊಂದೇ ಅಧ್ಯಾಯ, ಊಟದ ಬಿಡುವಲ್ಲಿ," ಅಂದಳು ಅವಳು. "ಒಂದಿನವೂ ಕೊನೇ ಪುಟ ಕದ್ದು ನೋಡಿಲ್ಲ. ಒಂದು ತಿಂಗಳು ಆಸೆ ಅದುಮಿಟ್ಕೊಂಡಿದ್ದು ಹಡಗಿಗಾ?"

ಬೈಂಡರ್ ತಲೆಯೆತ್ತಿದ. ಗಾಜಿಲ್ಲದೆಯೇ ಕಾಗದ ಸುಡಬಲ್ಲ ಕಣ್ಣು ಅವಳದು. ಇವನು ಎಷ್ಟು ಹೊತ್ತು ನೋಡಿದನೆಂದರೆ ಕೈಯಲ್ಲಿದ್ದ ಅಂಟು ಒಣಗಿ, ಬ್ರಷ್ಷು ಬೆರಳಿಗೇ ಕಚ್ಚಿಕೊಂಡಿತು.

"ಆ ಇನ್ನೊಂದು ಪುಸ್ತಕ ತಗೊಂಡು ಹೋಗ್ಬಿಟ್ರು. ವಾಪಸ್ ತರಿಸ್ತೀನಿ. ನಾಳೆ ಬನ್ನಿ."

ಹಸಿ ಸುಳ್ಳು. ಇನ್ನೊಂದು ಪುಸ್ತಕ, ಒಯ್ಯಲು ಯಾರೂ ಬಾರದೆ, ಒತ್ತುಯಂತ್ರದ ಕೆಳಗೇ ಇತ್ತು. ಅವಳು ಹೊಸ್ತಿಲು ದಾಟುತ್ತಲೇ ಅದರ ಹೊಲಿಗೆ ಬಿಚ್ಚಿ, ಅವಳ ಹದಿನಾರು ಪುಟ ತೆಗೆದು ಓದಿ, ಡ್ರಾಯರ್ ಒಳಗಿಟ್ಟ.

"ಕೊಟ್ಬಿಡೋ," ಅಂದೆ.

"ಕೊಟ್ರೆ ಇನ್ಯಾಕೆ ಬರ್ತಾಳಣ್ಣ? ಅವಳ ಹತ್ರ ಇರೋದು ಒಂದೇ ಪುಸ್ತಕ."

ಮರುದಿನ ಬಂದಳು. ಅದರ ಮರುದಿನವೂ. ಸ್ಟೂಲ್ ಎಳೆದುಕೊಂಡು, ತೊಡೆಯ ಮೇಲೆ ಊಟದ ಡಬ್ಬಿ ಬಿಚ್ಚಿ, ಮೊದಲಿನಿಂದ ಕಥೆ ಹೇಳುವಳು: ನಿಂತುಹೋದ ಗಡಿಯಾರ, ಒದ್ದೆಯಾಗದ ಕೊಡೆ, ನಗುವ ವಿಧವೆ. ಅವಳಿಗೆ ತಲೆ ಗೊತ್ತು, ಬಾಲ ಗೊತ್ತಿಲ್ಲ. ಇವನಿಗೆ ಬಾಲ ಮಾತ್ರ ಗೊತ್ತು. ನಾನು ಕತ್ತರಿ ಆಡಿಸುವುದನ್ನೇ ಮರೆತು ಬಾಯಿಬಿಟ್ಟುಕೊಂಡು ಕೇಳುತ್ತಿದ್ದೆ.

"ನಂಗೆ ಡಾಕ್ಟರ್ ಮೇಲೇ ಗುಮಾನಿ," ಅಂದಳು ಮೂರನೇ ದಿನ. "ತುಂಬಾ ಒಳ್ಳೆಯವ್ನು. ಅಷ್ಟು ಒಳ್ಳೆಯವ್ರನ್ನ ನಂಬಬಾರ್ದು."

"ಅವ್ರಲ್ಲ ಬಿಡಿ. ಎಡಗೈ ಮಡಚೋಕೇ ಬರಲ್ವಲ್ಲ ಅವ್ರಿಗೆ."

ಅವಳು ತುತ್ತು ನಿಲ್ಲಿಸಿದಳು. ಎಡಹುಬ್ಬು ಒಂದು ಕೂದಲೆಳೆಯಷ್ಟು ಮೇಲೇರಿ ಇಳಿಯಿತು.

ಹನ್ನೆರಡನೇ ದಿನ ಡಬ್ಬಿ ತರಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಕೂತ್ಕೊಳ್ಳಿ. ಅಣ್ಣ, ನೀವೂ. ಯಾರೂ ಹೊರಗೆ ಹೋಗೋ ಹಾಗಿಲ್ಲ." ಗಂಟಲು ಸರಿ ಮಾಡಿಕೊಂಡಳು. "ಡಾಕ್ಟರ್ ಎಡಗೈ ವಿಷಯ ಮೂರನೇ ದಿನ ಹೇಳಿದ್ರಿ. ಅವತ್ತೇ ಮನೆಗೆ ಹೋಗಿ ಇನ್ನೂರೆಂಟು ಪುಟಾನೂ ಜಾಲಾಡ್ದೆ. ಎಲ್ಲೂ ಇಲ್ಲ. ಅಂದ್ರೆ ಅದು ಇರೋದು ಕೊನೇ ಹದಿನಾರರಲ್ಲಿ. ನಾನು ಕಥೆ ಹೇಳ್ವಾಗೆಲ್ಲ ನಿಮ್ಮ ಕಣ್ಣು ಹೋಗೋದು ಆ ಡ್ರಾಯರ್ ಕಡೆ. ತೆಗೀರಿ."

ಬೈಂಡರ್ ಮುಖ ಸುಣ್ಣ ಬಳಿದ ಗೋಡೆ. ಡ್ರಾಯರ್ ತೆಗೆದ. ಫಾರಂ ಅವಳ ಕೈಗಿಟ್ಟ. ಹೋಯಿತು, ಎಲ್ಲಾ ಮುಗಿಯಿತು ಅನ್ನುವ ಹಾಗೆ ತಲೆ ತಗ್ಗಿಸಿದ.

"ಯಾಕೆ ಬಚ್ಚಿಟ್ರಿ?"

"ನೀವು ಬರೋದು ನಿಂತು ಹೋಗುತ್ತಲ್ಲ ಅಂತ." ಆಮೇಲೆ ಮೆಲ್ಲಗೆ ತಲೆಯೆತ್ತಿದ. "ಒಂದು ನಿಮಿಷ. ಮೂರನೇ ದಿನಾನೇ ಗೊತ್ತಾಗಿತ್ತು ಅಂದ್ರಲ್ಲ?"

"ಹೂಂ."

"ಮತ್ತೆ ಒಂಬತ್ತು ದಿನ ಯಾಕೆ ಬಂದ್ರಿ?"

ಅವಳ ಕಿವಿ ಕೆಂಪಾಯಿತು. "ಆ ಕೇಸು ನಿಮ್ದು. ಸುಳಿವು ಬೇಕಾದಷ್ಟು ಬಿಟ್ಟಿದೀನಿ."

ಅವನು ಎದ್ದ. ಅಂಟು ಮೆತ್ತಿದ ಅವನ ಕೈಯನ್ನು ಅವಳು ಹಿಡಿದಳು, ಹಿಡಿದದ್ದು ಬಿಡಲಿಲ್ಲ. ಅಂಟು ಅಷ್ಟು ಗಟ್ಟಿ ಇರಲಿಲ್ಲ, ಕಲಸಿದವನು ನಾನೇ. ಇಬ್ಬರೂ ಹಾಗೇ ಬೀದಿಗಿಳಿದು ಹೋದರು. ಫಾರಂ ಮೇಜಿನ ಮೇಲೇ ಉಳಿಯಿತು.

ಮದುವೆಯಾಗಿ ಎಷ್ಟೋ ವರ್ಷ ಆಯಿತು. ಕೊಂದವರು ಯಾರು ಅಂತ ಕೇಳಿದರೆ ಗಂಡಹೆಂಡಿರಿಬ್ಬರೂ ಮುಸಿಮುಸಿ ನಗುತ್ತಾರೆ, ಹೇಳುವುದಿಲ್ಲ. ನನಗೋ ಅಂಗಡಿಯ ಬೋರ್ಡು ಬಿಟ್ಟು ಬೇರೇನೂ ಓದಲು ಬಾರದು.

ಇಗೋ, ಆ ಹದಿನಾರು ಪುಟ. ನಿಮಗೆ ಓದಲು ಬರುತ್ತದಲ್ಲ? ಕೂತುಕೊಳ್ಳಿ, ಜೋರಾಗಿ ಓದಿ. ಬಾಗಿಲಿಗೆ ಬೆನ್ನು ಕೊಟ್ಟು ನಾನು ನಿಂತಿದ್ದೇನೆ.